ಸಮಾಜ ವಿಜ್ಞಾನ ಬೋಧನೆಯೂ ಗುರುಗಳ ತರಬೇತಿಯೂ



2022ರಲ್ಲಿ ಒಂಬತ್ತನೆಯ ತರಗತಿಯ ಸಮಾಜ ವಿಜ್ಞಾನ ಪುಸ್ತಕದಲ್ಲಿ ಬಸವಣ್ಣನವರನ್ನು ಕುರಿತು ಬರೆದಿದ್ದ ಮಾತುಗಳ ವಿಷಯವಾಗಿ ನಾಡಿನಲ್ಲಿ ನಡೆದ ವಿವಾದವು ತಮಗೆ ನೆನಪಿರಬಹುದು. ಮಠಾಧೀಶರು ಸರ್ಕಾರಕ್ಕೆ ಪತ್ರ ಬರೆದರು; ವಿದ್ವಾಂಸರು ವಾದಿಸಿದರು. ಅದು ಅವಶ್ಯವಾದ ಚರ್ಚೆಯೇ ಸರಿ. ಆದರೆ ಆ ಪಾಠವನ್ನು ಹೇಳುವ ಗುರುಗಳನ್ನು ಹೇಗೆ ಸಿದ್ಧಗೊಳಿಸಲಾಗುತ್ತಿದೆ ಎಂಬ ಪ್ರಶ್ನೆಯನ್ನು ಎತ್ತಿದವರು ವಿರಳ. ಪುಸ್ತಕದ ವಾಕ್ಯ ಬದಲಾದರೆ ಮಗುವಿನ ಬಾಯಿಪಾಠ ಬದಲಾಗುತ್ತದೆ, ಅಷ್ಟೆ. ಈ ದೋಷದ ಬೇರು ಪ್ರಾಥಮಿಕ ಹಂತದಲ್ಲಿಯೇ ಇದೆ.

ತತ್ತ್ವದಲ್ಲಿ ನಮಗೆ ಕೊರತೆಯಿಲ್ಲ. ಶಾಲೆಯ ಜ್ಞಾನವು ಹೊರಗಿನ ಬದುಕಿನೊಡನೆ ಬೆಸೆಯಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸ್ಪಷ್ಟವಾಗಿ ಸಾರಿತು. ಐದನೆಯ ತರಗತಿಯವರೆಗೆ ಪರಿಸರ ಅಧ್ಯಯನ, ಆರರಿಂದ ಸಮಾಜ ವಿಜ್ಞಾನ ಎಂಬ ವಿಭಾಗವೂ ಯುಕ್ತವಾದುದೇ. ಆದರೆ ಎರಡು ವರ್ಷಗಳ ತರಬೇತಿಯಲ್ಲಿ ಪ್ರಶಿಕ್ಷಣಾರ್ಥಿಯು ಮಾಡುವುದೇನು? ಪಾಠ ಯೋಜನೆಯನ್ನು ಅಂಕಣ ಎಳೆದು ಬರೆಯುತ್ತಾನೆ. ಥರ್ಮೋಕೋಲಿನ ಪಾಠೋಪಕರಣ ಮಾಡುತ್ತಾನೆ. ವೀಕ್ಷಕರ ಮುಂದೆ ಅಭ್ಯಾಸ ಪಾಠ ಒಪ್ಪಿಸುತ್ತಾನೆ. ಇವು ಬೇಡವೆಂದು ನಾವು ಹೇಳುವುದಿಲ್ಲ. ಆದರೆ ತಾನು ಪಾಠ ಹೇಳಬೇಕಾದ ಊರನ್ನೇ ಅವನು ಓದಿರುವುದಿಲ್ಲ.

ಹರಿಹರದ ಮಗ್ಗುಲಲ್ಲಿರುವ ಗುತ್ತೂರನ್ನೇ ತೆಗೆದುಕೊಳ್ಳೋಣ. ಅಲ್ಲಿಯ ಮಗುವು 1956ರ ನವೆಂಬರ್ 1 ರಾಜ್ಯ ಏಕೀಕರಣದ ದಿನವೆಂದು ಕಂಠಪಾಠ ಮಾಡುತ್ತದೆ. ಆ ದಿನದವರೆಗೆ ಕಣ್ಣೆದುರಿನ ತುಂಗಭದ್ರೆಯೇ ಗಡಿಯಾಗಿತ್ತು, ಈಚೆ ದಡದ ಹರಿಹರವು ಮೈಸೂರಿಗೂ ಆಚೆಯ ರಾಣೆಬೆನ್ನೂರು ಸೀಮೆಯು ಮುಂಬಯಿ ಆಡಳಿತದ ಧಾರವಾಡ ಜಿಲ್ಲೆಗೂ ಸೇರಿದ್ದವು ಎಂದು ಅದಕ್ಕೆ ಹೇಳುವವರಾರು? ಒಂದೇ ನುಡಿ, ಬೀಗತನವುಳ್ಳ ಮನೆಗಳು, ಎರಡು ಸರ್ಕಾರ. ಹೊಳೆಯ ದಡಕ್ಕೆ ಕರೆದೊಯ್ದು ಈ ಒಂದು ಸಂಗತಿಯನ್ನು ಹೇಳಿದರೆ ಏಕೀಕರಣವೆಂಬ ಶಬ್ದಕ್ಕೆ ಅರ್ಥ ಬರುತ್ತದೆ. ಹರಿಹರೇಶ್ವರ ದೇವಾಲಯವು 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವನಿಂದ ನಿರ್ಮಾಣವಾಯಿತು. ಅದರ ಆವರಣದಲ್ಲಿ ಶಾಸನಗಳಿವೆ. ಸೂಳೆಕೆರೆಯಿಂದ ಹರಿದು ಬರುವ ಹರಿದ್ರಾ ಹೊಳೆಯು ಅಲ್ಲಿಯೇ ತುಂಗಭದ್ರೆಯನ್ನು ಕೂಡುತ್ತದೆ. 1941ರಲ್ಲಿ ಆರಂಭವಾಗಿ ಈ ಶತಮಾನದ ಮೊದಲಲ್ಲಿ ಬಾಗಿಲು ಮುಚ್ಚಿದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ದುಡಿದವರ ಮೊಮ್ಮಕ್ಕಳು ಇಂದು ಶಾಲೆಯ ಬೆಂಚಿನ ಮೇಲಿದ್ದಾರೆ. ಇಷ್ಟೆಲ್ಲವಿದ್ದೂ ಪಾಠವು ಮೊಹೆಂಜೊದಾರೋದಿಂದಲೇ ಮೊದಲಾಗುತ್ತದೆ!

ಇನ್ನೂ ಕಠಿಣವಾದ ಮಾತೊಂದಿದೆ. ಊರಿನ ನಕ್ಷೆ ಬರೆಯಿರೆಂದು ಮಕ್ಕಳಿಗೆ ಹೇಳಿದೊಡನೆ ಕೇರಿಗಳು ಬೇರೆ ಬೇರೆಯಾಗಿ ಮೂಡುತ್ತವೆ. ಈ ಕೇರಿ ಅಷ್ಟು ದೂರ ಏಕೆಂದು ಮಗು ಕೇಳಿದರೆ, ತನ್ನೂರಿನ ಕೇರಿಯನ್ನು ಎಂದೂ ಪರಿಶೀಲಿಸದ ಗುರುವು ಏನು ಹೇಳಿಯಾನು? ನಕ್ಷೆಗೆ ಬಣ್ಣ ತುಂಬಿರೆಂದು ಮುಂದಕ್ಕೆ ಹೋಗುತ್ತಾನೆ. ಮರುದಿನ ಅನುಭವ ಮಂಟಪದ ಪಾಠ. ಆ ಪಾಠಕ್ಕೂ ಹಿಂದಿನ ದಿನದ ನಕ್ಷೆಗೂ ಸಂಬಂಧವಿದೆಯೆಂದು ಅವನಿಗೆ ಯಾರೂ ಕಲಿಸಿಲ್ಲ. ಶರಣರ ಹೆಸರಿನಲ್ಲಿ ಶಿಕ್ಷಕರ ತರಬೇತಿ ಸಂಸ್ಥೆಗಳನ್ನು ನಡೆಸುವ ಮಠಗಳೂ ಈ ಆಕ್ಷೇಪಕ್ಕೆ ಹೊರತಲ್ಲ.

ಮಧ್ಯಪ್ರದೇಶದಲ್ಲಿ 1982ರಲ್ಲಿ ಸ್ಥಾಪಿತವಾದ ಏಕಲವ್ಯ ಸಂಸ್ಥೆಯು ಆರರಿಂದ ಎಂಟನೆಯ ತರಗತಿಗಳಿಗೆ ಹೊಸ ಸಮಾಜ ವಿಜ್ಞಾನ ಪುಸ್ತಕಗಳನ್ನು ರಚಿಸಿದಾಗ ಗುರುಗಳ ತರಬೇತಿಯನ್ನೂ ಅದರೊಂದಿಗೇ ಕೈಗೊಂಡಿತು. ಅದು ಕೆಲವೇ ಸರ್ಕಾರಿ ಶಾಲೆಗಳಲ್ಲಿ ನಡೆದ ಪ್ರಯೋಗ. ಆದರೂ ಪುಸ್ತಕ ಮತ್ತು ಗುರು ಎರಡನ್ನೂ ಒಟ್ಟಿಗೇ ತಿದ್ದಬೇಕೆಂಬ ವಿವೇಕ ಅದರಲ್ಲಿದ್ದಿತು.

ಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ ಇವುಗಳ ನಡುವೆ ಗುರುಗಳಿಗೆ ಬಿಡುವೆಲ್ಲಿ ಎಂದು ಕೆಲವರು ಕೇಳುವರು. ಮಾತು ನಿಜ. ಆದುದರಿಂದಲೇ ಈ ಅಭ್ಯಾಸವು ನೌಕರಿಗೆ ಮುಂಚೆ, ತರಬೇತಿಯ ಮೊದಲನೆಯ ವರ್ಷದಲ್ಲಿಯೇ ಆಗತಕ್ಕದ್ದು. ಪ್ರತಿಯೊಬ್ಬ ಪ್ರಶಿಕ್ಷಣಾರ್ಥಿಯೂ ಒಂದು ಊರಿನ ನೀರು, ಭೂಮಿ, ಕೇರಿ, ಕಸುಬು, ಶಾಸನಗಳನ್ನು ವಿಚಾರಿಸಿ ಬರೆಯಲಿ. ಒಂದು ಗ್ರಾಮಸಭೆಯಲ್ಲಿ ಕುಳಿತು ಬರಲಿ. ಅದಕ್ಕೆ ಅಭ್ಯಾಸ ಪಾಠದಷ್ಟೇ ಅಂಕಗಳಿರಲಿ. ಮಠದ ಪ್ರಸಾದ ನಿಲಯಗಳಲ್ಲಿ ಓದಿ ಗುರುಗಳಾದ ತಾವು ಇದನ್ನು ಸರ್ಕಾರದ ಆದೇಶಕ್ಕಾಗಿ ಕಾಯದೆ ಆರಂಭಿಸಬಹುದು. ಹೊಳೆಯ ಎರಡು ದಡಗಳಲ್ಲಿ ಎರಡು ಆಡಳಿತಗಳನ್ನು ಕಂಡ ಹಿರಿಯರು ಈಗ ಎಂಬತ್ತರ ಆಸುಪಾಸಿನಲ್ಲಿದ್ದಾರೆ; ಅವರ ಮಾತನ್ನು ಬರೆದುಕೊಳ್ಳುವ ಕೆಲಸವು ಈ ವರ್ಷವೇ ಆಗಬೇಕು.