ಓದಲು ಬಾರದ ಕಾಗದಕ್ಕೆ ಹಾಕಿದ ರುಜು

ಮನೆಗೆ ನೆಂಟರು ಬಂದು ಹೋದ ಮೇಲೆ ನಮ್ಮಮ್ಮ ಕೇಳುತ್ತಿದ್ದ ಮಾತು ಒಂದೇ: “ಸರಿಯಾಗಿ ವಿಚಾರಿಸಿಕೊಂಡಿರೋ ಇಲ್ಲೋ?” ಅದೇ ಮಾತನ್ನು ಸಂತೆಯಲ್ಲಿ ಜಗಳಕ್ಕೆ ನಿಂತವನು “ಇರು, ನಿನ್ನ ವಿಚಾರಿಸ್ಕೋತೀನಿ” ಅಂದರೆ ಅರ್ಥವೇ ಬೇರೆ. ತಮಿಳಿನಲ್ಲೂ ಈ ಪದಕ್ಕೆ ಇಂಥದೇ ಎರಡು ಮುಖಗಳಿವೆ ಎಂದು ನನಗೆ ಗೊತ್ತಾದದ್ದು ಚೆನ್ನೈಗೆ ಬಂದು ಕೆಲವು ವರ್ಷಗಳಾದ ಮೇಲೆ. ವೆಟ್ರಿಮಾರನ್ ನಿರ್ದೇಶಿಸಿದ ‘ವಿಸಾರಣೈ’ ಚಿತ್ರ 2016ರ ಫೆಬ್ರವರಿಯಲ್ಲಿ ಬಿಡುಗಡೆಯಾದಾಗ, ಬ್ಯಾಂಕಿನ ಸಹೋದ್ಯೋಗಿಯೊಬ್ಬರು “ನೋಡಲೇಬೇಕು ಸಾರ್” ಎಂದು ಕರೆದುಕೊಂಡು ಹೋಗಿದ್ದರು. ಆ ಚಿತ್ರದ ಬಗ್ಗೆ ನನಗಿದ್ದ ಅಭಿಪ್ರಾಯ ಆಮೇಲೆ ಬದಲಾಯಿತು. ಬದಲಾದದ್ದಕ್ಕೆ ಕಾರಣ ಚಿತ್ರವಲ್ಲ, ಒಂದು ಅಂಗಡಿ. ಅದನ್ನೂ ಸೇರಿಸಿಯೇ ಹೇಳುತ್ತೇನೆ.

ಕತೆ ಗೊತ್ತಿಲ್ಲದವರಿಗಾಗಿ ಎರಡು ಮಾತು. ತಮಿಳುನಾಡಿನಿಂದ ಆಂಧ್ರದ ಗುಂಟೂರಿಗೆ ದುಡಿಯಲು ಹೋದ ನಾಲ್ವರು ಹುಡುಗರು. ಬಾಡಿಗೆ ಉಳಿಸಲು ಪಾರ್ಕಿನಲ್ಲಿ ಮಲಗುತ್ತಾರೆ. ದೊಡ್ಡ ಮನೆಯೊಂದರಲ್ಲಿ ಕಳ್ಳತನವಾಗಿದೆ, ಪ್ರಕರಣ ಮುಗಿಸಬೇಕೆಂಬ ಒತ್ತಡ ಪೊಲೀಸರ ಮೇಲಿದೆ. ಕೇಳುವವರಿಲ್ಲದ ಈ ಹುಡುಗರನ್ನು ಎತ್ತಿಹಾಕಿಕೊಂಡು ಬಂದು, ಒಪ್ಪಿಕೊಳ್ಳಿ ಎಂದು ಹೊಡೆಯುತ್ತಾರೆ. ಏನನ್ನು ಒಪ್ಪಿಕೊಳ್ಳಬೇಕು ಎನ್ನುವುದೇ ಮೊದಮೊದಲು ಅವರಿಗೆ ತಿಳಿಯುವುದಿಲ್ಲ. ಇದು ಕಟ್ಟುಕತೆಯಲ್ಲ. ಕೊಯಮತ್ತೂರಿನ ಆಟೋ ಚಾಲಕ ಎಂ. ಚಂದ್ರಕುಮಾರ್ ತಾವು ಗುಂಟೂರಿನಲ್ಲಿ ಅನುಭವಿಸಿದ್ದನ್ನು ‘ಲಾಕಪ್’ ಎಂಬ ಪುಸ್ತಕವಾಗಿ ಬರೆದಿದ್ದರು. ಚಿತ್ರದ ಮೊದಲರ್ಧ ಅದನ್ನು ಆಧರಿಸಿದೆ. 2015ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಮೊದಲು ಪ್ರದರ್ಶನ ಕಂಡಿತು. ಮುಂದೆ ಅತ್ಯುತ್ತಮ ತಮಿಳು ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂತು, ಭಾರತದಿಂದ ಆಸ್ಕರ್‌ಗೂ ಹೋಯಿತು. ನಮ್ಮ ಕನ್ನಡದ ಕಿಶೋರ್ ಇದರಲ್ಲಿ ಆಡಿಟರ್ ಪಾತ್ರ ಮಾಡಿದ್ದಾರೆ.

ಮೊದಲ ಸಲ ನೋಡಿದಾಗ ನನಗಾದ ಅನುಭವ ವಿಚಿತ್ರವಾಗಿತ್ತು. ನಮ್ಮದು ಬಳ್ಳಾರಿ ಕಡೆ. ತೆಲುಗು ಮನೆಯ ಮಾತಲ್ಲದಿದ್ದರೂ ಬೀದಿಯ ಮಾತು. ತಮಿಳು ಮಾತ್ರ ಆಗ ಬಸ್ಸಿಗೆ, ಹೋಟೆಲಿಗೆ ಸಾಕಾಗುವಷ್ಟು ಬರುತ್ತಿತ್ತು. ಹೀಗಾಗಿ ತೆರೆಯ ಮೇಲೆ ಹೊಡೆಯುವವರ ಮಾತು ನನಗೆ ಪೂರ್ತಿ ಅರ್ಥವಾಗುತ್ತಿತ್ತು. ಹೊಡೆಸಿಕೊಳ್ಳುವವರ ಮಾತು ಅರ್ಧಂಬರ್ಧ. ಪಕ್ಕದಲ್ಲಿದ್ದ ಸಹೋದ್ಯೋಗಿಗೆ ಇದರ ಉಲ್ಟಾ. ಅವರು ಪಾಂಡಿ ಎಂಬ ಹುಡುಗನ ಜೊತೆ ಲಾಕಪ್ಪಿನೊಳಗೆ ಕೂತಿದ್ದರು. ನಾನು, ಹೇಳಿಕೊಳ್ಳಲು ನಾಚಿಕೆಯಾದರೂ, ಇನ್ಸ್‌ಪೆಕ್ಟರನ ಮೇಜಿನ ಈಚೆ ಕೂತಿದ್ದೆ. ಚಿತ್ರ ಮುಗಿದ ಮೇಲೆ “ಸಿನಿಮಾ ಚೆನ್ನಾಗಿದೆ, ಆದರೆ ಹೊಡೆತ ಜಾಸ್ತಿಯಾಯ್ತು” ಅಂದೆ. ಅವರೇನೂ ಮಾತಾಡಲಿಲ್ಲ.

ಇನ್ನು ಅಂಗಡಿಯ ವಿಷಯ. ಅದಾದ ವರ್ಷದ ಮೇಲೆ, ಚೆನ್ನೈನದೇ ಒಂದು ದೊಡ್ಡ ಅಂಗಡಿಯಿಂದ ನಾನು, ನನ್ನ ಹೆಂಡತಿ ಹೊರಗೆ ಬರುತ್ತಿದ್ದೆವು. ಬಾಗಿಲ ಹತ್ತಿರ ಗಂಟೆ ಕೂಗಿತು. ಕಾವಲಿನವನು ಚೀಲ ಇಸಕೊಂಡು ಎಲ್ಲಾ ಸಾಮಾನು ಹೊರಗೆ ಹಾಕಿ ಬಿಲ್ಲಿನ ಜೊತೆ ತಾಳೆ ನೋಡಿದ. ಸರಿಯಿತ್ತು. ಮತ್ತೆ ಬಾಗಿಲು ದಾಟಿಸಿದರು, ಮತ್ತೆ ಕೂಗಿತು. ಜೇಬು ತೋರಿಸಿ ಅಂದರು, ತೋರಿಸಿದೆ. ಆಮೇಲೆ ಹಿಂದಿನ ಸಣ್ಣ ಕೋಣೆಗೆ ಕರೆದುಕೊಂಡು ಹೋಗಿ ಕೂರಿಸಿದರು. ಮುಕ್ಕಾಲು ಗಂಟೆ. ಕೊನೆಗೆ ಗೊತ್ತಾಗಿದ್ದು ಇಷ್ಟು: ಹಿಂದಿನ ದಿನ ಬೇರೆ ಕಡೆ ಕೊಂಡ ಹೊಸ ಅಂಗಿಯನ್ನು ನಾನು ಹಾಗೇ ತೊಟ್ಟುಕೊಂಡು ಬಂದಿದ್ದೆ, ಅದರ ಒಳಹೊಲಿಗೆಯಲ್ಲಿ ಸೇರಿಕೊಂಡಿದ್ದ ಪಟ್ಟಿಯೇ ಗಂಟೆ ಕೂಗಿಸುತ್ತಿತ್ತು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮ್ಯಾನೇಜರ್ ಒಂದು ಕಾಗದ ಮುಂದಿಟ್ಟು “ಒಂದು ಸೈನ್ ಮಾಡಿ ಹೋಗಿ” ಅಂದ. ಕಾಗದ ತಮಿಳಿನಲ್ಲಿತ್ತು. ನನಗೆ ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಏನು ಬರೆದಿದೆ ಎಂದು ಕೇಳಿದೆ. “ಫಾರ್ಮಾಲಿಟಿ” ಅಂದ.

ನಾನು ಹೆಂಡತಿಯ ಮುಖ ನೋಡಿದೆ. “ಏನಾರ ಇರಲಿ ಬಿಡ್ರಿ, ಸೈ ಹಾಕಿ ಬರ್ರಿ, ಹೋಗಣ” ಅಂದಳು. ಹಾಕಿದೆ. ದಿನಾ ನೂರಾರು ಜನರಿಗೆ “ಓದಿ ನೋಡಿ ರುಜು ಮಾಡಿ” ಎಂದು ಹೇಳುವ ಬ್ಯಾಂಕಿನ ನೌಕರ ನಾನು. ಆ ಕಾಗದದಲ್ಲಿ ಏನಿತ್ತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ತಪ್ಪೊಪ್ಪಿಗೆಯೋ, ದೂರಿಲ್ಲ ಎಂಬ ಹೇಳಿಕೆಯೋ, ನಿಜವಾಗಿಯೂ ಬರೀ ಫಾರ್ಮಾಲಿಟಿಯೋ.

ಅವತ್ತು ರಾತ್ರಿ ನೆನಪಾದದ್ದು ‘ವಿಸಾರಣೈ’. ಆ ಹುಡುಗರ ಪಾಡಿಗೂ ನನ್ನ ಮುಕ್ಕಾಲು ಗಂಟೆಗೂ ಹೋಲಿಕೆ ಮಾಡಿದರೆ ಪಾಪ ಬರುತ್ತದೆ. ನನಗೆ ಕೆಲಸವಿತ್ತು, ಗುರುತಿನ ಚೀಟಿ ಇತ್ತು, ಇಂಗ್ಲಿಷು ಇತ್ತು, ಯಾರೂ ನನ್ನ ಮೈ ಮುಟ್ಟಲಿಲ್ಲ. ಆದರೂ ತಲೆಯೊಳಗೆ ಓಡಿದ ಲೆಕ್ಕ ಒಂದೇ ಜಾತಿಯದು: ನಾವು ಹೊರಗಿನವರು, ವಾದ ಮಾಡಿದರೆ ದೊಡ್ಡದಾಗುತ್ತೆ, ಬಗ್ಗಿದರೆ ಮುಗಿಯುತ್ತೆ. ಮತ್ತೆ ಚಿತ್ರ ನೋಡಿದೆ. ಈ ಸಲ ನನ್ನ ಕುರ್ಚಿ ಬದಲಾಗಿತ್ತು. ಹೊಡೆತ ಜಾಸ್ತಿ ಅನ್ನಿಸಲಿಲ್ಲ. ಅದಕ್ಕಿಂತ ಭಯಂಕರವಾಗಿ ಕಂಡದ್ದು ಹೊಡೆತಕ್ಕೆ ಮುಂಚಿನ ಗಳಿಗೆ. ಪ್ರಶ್ನೆ ಕೇಳಿಸಿಯೂ ತಿಳಿಯದೆ, ಎದುರಿನವನ ತುಟಿಯನ್ನೇ ನೋಡುತ್ತ ಅದರ ಅರ್ಥ ಹುಡುಕುವ ಆ ಹುಡುಗರ ಕಣ್ಣು.

ಈ ಚಿತ್ರದ ಬಗ್ಗೆ ಬಂದ ಹೆಚ್ಚಿನ ಮೆಚ್ಚುಗೆ ಅದರ ಕ್ರೌರ್ಯದ ನೈಜತೆಯನ್ನು ಕುರಿತದ್ದು. ನನ್ನ ಮಟ್ಟಿಗೆ ಅದರ ನಿಜವಾದ ಸಾಧನೆ ಬೇರೆ. ಪರಊರಿನಲ್ಲಿ ಭಾಷೆ ಬಾರದಿರುವುದು ಬರೀ ತೊಂದರೆಯಲ್ಲ, ಅದು ಮನುಷ್ಯನನ್ನು ಅನುಮಾನಕ್ಕೆ ಅರ್ಹನನ್ನಾಗಿ ಮಾಡುತ್ತದೆ ಎಂಬುದನ್ನು ಈ ಚಿತ್ರದಷ್ಟು ಸ್ಪಷ್ಟವಾಗಿ ತೋರಿಸಿದ ಇನ್ನೊಂದು ಚಿತ್ರವನ್ನು ನಾನು ನೋಡಿಲ್ಲ. ಅದರ ನಡುಭಾಗವೇ ಕೋರ್ಟಿನ ದೃಶ್ಯ. ಹೊಡೆತ ತಿಂದು ಒಪ್ಪಿಕೊಳ್ಳಲು ಸಿದ್ಧರಾಗಿ ಬಂದ ಹುಡುಗರು ನ್ಯಾಯಾಧೀಶರ ಮುಂದೆ ಇಲ್ಲ ಅನ್ನುತ್ತಾರೆ. ಅವರ ತಮಿಳು ಅಲ್ಲಿ ಯಾರಿಗೂ ತಿಳಿಯದು. ಬೇರೆ ಕೆಲಸಕ್ಕೆ ಅಲ್ಲಿಗೆ ಬಂದಿದ್ದ ತಮಿಳುನಾಡಿನ ಇನ್ಸ್‌ಪೆಕ್ಟರ್ ಮುತ್ತುವೇಲ್ (ಸಮುದ್ರಖನಿಯ ಅದ್ಭುತ ಅಭಿನಯ, ರಾಷ್ಟ್ರಪ್ರಶಸ್ತಿ ಬಂದದ್ದು ನ್ಯಾಯವೇ) ಅವರ ಮಾತನ್ನು ಅನುವಾದಿಸುತ್ತಾನೆ. ಬಿಡುಗಡೆಯಾಗುತ್ತದೆ. ಅಷ್ಟು ದಿನದ ಲಾಠಿ ಸೋತದ್ದು ಒಬ್ಬ ದುಭಾಷಿಯ ಮುಂದೆ.

ನನ್ನ ತಕರಾರು ಶುರುವಾಗುವುದು ಇಲ್ಲಿಂದ. ಎರಡನೆಯ ಅರ್ಧದಲ್ಲಿ ಉಪಕಾರ ತೀರಿಸಲೆಂದು ಆ ಇನ್ಸ್‌ಪೆಕ್ಟರನಿಗೆ ನೆರವಾದ ಹುಡುಗರು ಅವನ ಜೊತೆ ತಮಿಳುನಾಡಿಗೆ ಬರುತ್ತಾರೆ. ಒಬ್ಬ ದಾರಿಯಲ್ಲೇ ಇಳಿದುಹೋಗುತ್ತಾನೆ. ಉಳಿದ ಮೂವರು ಠಾಣೆ ಸ್ವಚ್ಛ ಮಾಡಿಕೊಡಲು ನಿಂತು, ಕೇಳಬಾರದ್ದನ್ನು ಕೇಳಿಸಿಕೊಂಡು, ಸಾಯುತ್ತಾರೆ. ಸ್ವಂತ ಭಾಷೆಯ ಪೊಲೀಸರೂ ಬಿಡಲಿಲ್ಲ ಎನ್ನುವುದು ನಿರ್ದೇಶಕರ ಮಾತು. ಬಲವಾದ ಮಾತೇ. ಗುಂಟೂರಿನಲ್ಲಿ ಭಾಷೆ ತಿಳಿಯದೆ ಕೆಟ್ಟವರು ಚೆನ್ನೈನಲ್ಲಿ ಭಾಷೆ ತಿಳಿದದ್ದರಿಂದಲೇ ಕೆಡುತ್ತಾರೆ. ಆದರೆ ಇದನ್ನು ಸಾಧಿಸಲು ಹೋಗಿ ಚಿತ್ರ ಎರಡು ಕಡೆ ನಷ್ಟ ಮಾಡಿಕೊಂಡಿದೆ. ಒಂದು, ದುಡಿಯುವ ಹುಡುಗರ ಕತೆ ಹಿಂದೆ ಸರಿದು ದೊಡ್ಡವರ ಹಣಕಾಸು, ರಾಜಕೀಯದ ಕತೆ ಮುಂದೆ ಬರುತ್ತದೆ. ಪಾಂಡಿ ತನ್ನದೇ ಚಿತ್ರದಲ್ಲಿ ಮೂಲೆಗೆ ಸರಿಯುತ್ತಾನೆ. ಎರಡನೆಯದು ಇನ್ನೂ ಮುಖ್ಯ. ಕೋರ್ಟಿನಲ್ಲಿ ಗೆದ್ದ ಆ ಒಂದು ಗಳಿಗೆಯನ್ನು ಚಿತ್ರ ಅದೃಷ್ಟವೆಂಬಂತೆ ತೋರಿಸಿ ಮುಂದೆ ಹೋಗಿಬಿಡುತ್ತದೆ. ಯಾರೋ ತಮಿಳು ಬಲ್ಲವನು ಅಲ್ಲಿದ್ದ, ಅದಕ್ಕೆ ಬದುಕಿದರು. ಅದು ಅದೃಷ್ಟವಲ್ಲ, ಹಕ್ಕು ಎಂಬ ಮಾತು ಎಲ್ಲೂ ಬರುವುದಿಲ್ಲ. ನೋಡಿ ಹೊರಗೆ ಬರುವ ನನ್ನಂಥವನು ಕಲಿಯುವ ಪಾಠವೇನು? ಬಾಯಿ ಮುಚ್ಚಿಕೊಂಡು ಸೈ ಹಾಕು.

ಹಕ್ಕು ಎಂದರೆ ಏನೆಂದು ನಾನು ತಿಳಿದುಕೊಂಡದ್ದೂ ಆ ಕಾಗದದ ಮೇಲಿನ ಸಿಟ್ಟಿಗೇ. ಸಂವಿಧಾನದ 22ನೇ ವಿಧಿ ಬಂಧಿತನಿಗೆ ಮೂರು ಮಾತು ಕೊಡುತ್ತದೆ: ಯಾಕೆ ಹಿಡಿದಿದ್ದೇವೆಂದು ಹೇಳಬೇಕು, ವಕೀಲರನ್ನು ಕಾಣಲು ಬಿಡಬೇಕು, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ಸಾಕ್ಷ್ಯವಾಗಿ ನಿಲ್ಲುವುದಿಲ್ಲ ಎನ್ನುವುದು ಬ್ರಿಟಿಷರ ಕಾಲದಿಂದ ಬಂದ ನಿಯಮ, ಈಗಿನ ಹೊಸ ಕಾನೂನಿನಲ್ಲೂ ಉಳಿದಿದೆ. ಬಂಧಿಸುವವರು ಹೆಸರಿನ ಪಟ್ಟಿ ಧರಿಸಿರಬೇಕು, ಮನೆಯವರಿಗೆ ತಿಳಿಸಬೇಕು ಎಂದು ಸುಪ್ರೀಂ ಕೋರ್ಟು ಡಿ.ಕೆ. ಬಸು ಪ್ರಕರಣದಲ್ಲಿ 1996ರ ಡಿಸೆಂಬರಿನಲ್ಲೇ ಹೇಳಿದೆ.

ಅಂಗಡಿಯ ಕಾವಲಿನವನ ಕತೆ ಇನ್ನೂ ಸರಳ. ಸಮವಸ್ತ್ರ ತೊಟ್ಟ ಮಾತ್ರಕ್ಕೆ ಅವನು ಪೊಲೀಸನಲ್ಲ. ಖಾಸಗಿ ಭದ್ರತಾ ಸಂಸ್ಥೆಗಳ 2005ರ ಕಾಯ್ದೆ ಪರವಾನಗಿ, ತರಬೇತಿಯ ಮಾತಾಡುತ್ತದೆಯೇ ಹೊರತು ಜನರ ಜೇಬಿಗೆ ಕೈ ಹಾಕುವ ಅಧಿಕಾರ ಕೊಡುವುದಿಲ್ಲ. ಬಿಲ್ಲು ತೋರಿಸಿ ಎಂದು ಅವನು ಕೇಳಬಹುದು. ನಾವು ಒಪ್ಪಿ ತೋರಿಸಬಹುದು. ತನ್ನ ಕಣ್ಣೆದುರೇ ಜಾಮೀನಿಲ್ಲದ, ಪೊಲೀಸರು ವಾರಂಟಿಲ್ಲದೆ ಹಿಡಿಯಬಹುದಾದಂಥ ಅಪರಾಧ ನಡೆದರೆ ಯಾವ ನಾಗರಿಕನಾದರೂ ಹಿಡಿಯಬಹುದು. ಹಾಗೆ ಹಿಡಿದವನು ತಡಮಾಡದೆ ಪೊಲೀಸರಿಗೆ ಒಪ್ಪಿಸಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆ ಇದಕ್ಕೆ ಆರು ಗಂಟೆಯ ಗಡುವು ಹಾಕಿದೆ. ಗಂಟೆ ಕೂಗಿತು ಅಂದರೆ ಕಣ್ಣೆದುರು ಕಳ್ಳತನ ನಡೆಯಿತು ಅಂತಲ್ಲ. ಕೋಣೆಯಲ್ಲಿ ಕೂಡಿಹಾಕುವುದು, ಹೆದರಿಸಿ ರುಜು ಹಾಕಿಸುವುದು ಯಾವ ಕಾನೂನಿನಲ್ಲೂ ಇಲ್ಲ. “ಪೊಲೀಸರನ್ನು ಕರೀರಿ, ಅವರ ಮುಂದೆ ಮಾತಾಡೋಣ” ಅಂತ ಮೆಲ್ಲಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಹೇಳಲಿಲ್ಲ.

ಭಾಷೆಯ ವಿಷಯಕ್ಕೆ ಬಂದರೆ, ಚಿತ್ರ ಬಂದ ಮೇಲೆ ಬೆಳೆದ ಕಾನೂನು ಚಿತ್ರವನ್ನೇ ಬೇರೆ ಬೆಳಕಿನಲ್ಲಿ ನೋಡುವಂತೆ ಮಾಡುತ್ತದೆ. ಹಿಂದಿ ಮಾತ್ರ ಬಲ್ಲವನಿಗೆ ಬಂಧನದ ಕಾರಣಗಳನ್ನು ಇಂಗ್ಲಿಷಿನಲ್ಲಿ ಕೊಟ್ಟದ್ದು ಸಾಲದು ಎಂದು ಸುಪ್ರೀಂ ಕೋರ್ಟು 1962ರಲ್ಲೇ, ಮುನ್ನೆಚ್ಚರಿಕೆಯ ಬಂಧನದ ಪ್ರಕರಣವೊಂದರಲ್ಲಿ ಹೇಳಿತ್ತು. 2025ರ ನವೆಂಬರಿನಲ್ಲಿ ಮುಂಬಯಿಯ ಪ್ರಕರಣವೊಂದರಲ್ಲಿ (ಮಿಹಿರ್ ರಾಜೇಶ್ ಶಾ) ಅದು ಎಲ್ಲ ಬಗೆಯ ಅಪರಾಧಗಳಿಗೂ ಹಬ್ಬಿತು: ಬಂಧನದ ಕಾರಣವನ್ನು ಬರವಣಿಗೆಯಲ್ಲಿ, ಬಂಧಿತನಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕು. ಆ ಕ್ಷಣ ಆಗದಿದ್ದರೆ ಬಾಯಲ್ಲಿ ಹೇಳಿ, ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವ ಎರಡು ಗಂಟೆ ಮೊದಲಾದರೂ ಬರೆದುಕೊಡಬೇಕು. ಮುಂಬಯಿಯ ಹೋಟೆಲಿನ ಕುಂದಾಪುರದ ಹುಡುಗನಿಗೆ ಕನ್ನಡದಲ್ಲಿ, ಪುಣೆಯಲ್ಲಿ ಕಟ್ಟಡ ಕೆಲಸಕ್ಕೆ ಹೋದ ಕಲಬುರಗಿಯವನಿಗೆ ಕನ್ನಡದಲ್ಲಿ. ಠಾಣೆಗಳಲ್ಲಿ ಇದು ತಾನಾಗಿ ನಡೆಯುತ್ತದೆಂದು ನಂಬುವಷ್ಟು ಮುಗ್ಧರು ಯಾರೂ ಇಲ್ಲ. ಆದರೆ ಕೇಳುವವನ ಕೈಯಲ್ಲಿ ಈಗ ಒಂದು ಮಾತಿದೆ.

ಕೇಳಿದವರೂ ಇದ್ದಾರೆ. 2021ರ ಮೇ ತಿಂಗಳಲ್ಲಿ ಹೈದರಾಬಾದಿನಲ್ಲಿ ಎಸ್.ಕ್ಯೂ. ಮಸೂದ್ ಎಂಬ ಸಾಮಾಜಿಕ ಕಾರ್ಯಕರ್ತರನ್ನು ಪೊಲೀಸರು ದಾರಿಯಲ್ಲಿ ನಿಲ್ಲಿಸಿ, ಮಾಸ್ಕ್ ತೆಗೆ ಎಂದು ಫೋಟೋ ತೆಗೆದುಕೊಂಡರು. ಅವರು ಮಾಸ್ಕ್ ತೆಗೆಯಲು ಒಪ್ಪಲಿಲ್ಲ. ಆಮೇಲೆ ಯಾವ ಕಾನೂನಿನ ಪ್ರಕಾರ ಎಂದು ಕೇಳಿ ನೋಟಿಸು ಕೊಟ್ಟರು, ತೆಲಂಗಾಣ ಹೈಕೋರ್ಟಿಗೂ ಹೋದರು. ಅಷ್ಟು ದೂರ ಯಾಕೆ, ಚಂದ್ರಕುಮಾರ್ ಅವರೇ ಇಲ್ಲವೇ? ಚಿತ್ರದಲ್ಲಿ ಎಲ್ಲ ಬಾಗಿಲು ಮುಚ್ಚುತ್ತದೆ. ಆದರೆ ಲಾಕಪ್ಪಿನಿಂದ ಹೊರಬಂದ ಒಬ್ಬ ಆಟೋ ಚಾಲಕ ಕೂತು ಬರೆದದ್ದರಿಂದಲೇ ಆ ಚಿತ್ರ ಹುಟ್ಟಿತು. ತನ್ನ ಹುಟ್ಟಿಗೆ ಕಾರಣವಾದ ಧೈರ್ಯವನ್ನೇ ತನ್ನೊಳಗೆ ಇಟ್ಟುಕೊಳ್ಳಲು ‘ವಿಸಾರಣೈ’ಗೆ ಆಗಲಿಲ್ಲ ಎನ್ನುವುದು ನನ್ನ ಕೊನೆಯ ದೂರು. ಹಾಗಿದ್ದೂ ಪರಊರಿನಲ್ಲಿ ಮಕ್ಕಳಿರುವ ಪ್ರತಿಯೊಬ್ಬರೂ ಈ ಚಿತ್ರ ನೋಡಲಿ ಎಂದೇ ಹೇಳುತ್ತೇನೆ.

ಊರಲ್ಲಿ ಕೂತು ಇದನ್ನು ಓದುತ್ತಿರುವವರಿಗೆ ಇನ್ನೊಂದು ಮಾತು. ಆ ಅಂಗಡಿಯ ಕಾವಲಿನವನು ತಮಿಳನಲ್ಲ, ಒಡಿಶಾದವನು. ಮ್ಯಾನೇಜರ್ ಒಳಗೆ ಹೋದಾಗ ಹಿಂದಿಯಲ್ಲಿ “ನನಗೂ ಆ ಕಾಗದ ಓದಕ್ಕೆ ಬರಲ್ಲ ಸಾಬ್” ಅಂದಿದ್ದ. ಅಲ್ಲಿದ್ದ ಮೂವರು ಪರದೇಶಿಗಳಲ್ಲಿ ಅವನೊಬ್ಬನೇ ನಿಜ ಹೇಳಿದ್ದು. ಮೊನ್ನೆ ಬೆಂಗಳೂರಿಗೆ ಬಂದಾಗ ನಮ್ಮ ಬಂಧುಗಳ ಅಪಾರ್ಟ್‌ಮೆಂಟಿನಲ್ಲಿ ಮನೆಗೆಲಸದ ಹೆಂಗಸೊಬ್ಬಳನ್ನು ಗೇಟಿನಲ್ಲಿ ನಿಲ್ಲಿಸಿ ಚೀಲ ಬಿಚ್ಚಿಸುತ್ತಿದ್ದರು. ಬಂಗಾಳಿಯೋ ಅಸ್ಸಾಮಿಯೋ ಮಾತಾಡುತ್ತಿದ್ದಳು. ಒಂದು ರಿಜಿಸ್ಟರಿನಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡರು. ಮೇಲಿನ ಸಾಲು ಅಚ್ಚ ಕನ್ನಡದಲ್ಲಿತ್ತು. ಅದನ್ನು ನಾನು ಓದಬಲ್ಲವನಾಗಿದ್ದೆ. ಓದಿ, ನನಗೆ ಬರುವ ಹರಕು ಹಿಂದಿಯಲ್ಲಿ ಅವಳಿಗೆ ಹೇಳಿದೆ. ಕಾವಲಿನವನು, “ನಿಮಗ್ಯಾಕೆ ಸಾರ್ ಇದೆಲ್ಲ?” ಅಂದ.