ಟೀ ಶರ್ಟಿಗೆ ಕನ್ನಡ ಹಿಡಿಯುವುದಿಲ್ಲವೇ?

ಎಳೆದರೆ ಹಿಗ್ಗುವ ಬಟ್ಟೆಯ ಮೇಲೆ ಕನ್ನಡದಲ್ಲಿ ಹೆಸರು ಹಾಕಿಸಲು ಹೋದವರಿಗೆ ಕಂಪ್ಯೂಟರ್ ಎಂಬ್ರಾಯ್ಡರಿ ಅಂಗಡಿಯಲ್ಲಿ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: 'ಬನಿಯನ್ ಬಟ್ಟೆಗೆ ಕನ್ನಡ ನಿಲ್ಲೋದಿಲ್ಲ ಸರ್, ದುಂಡು ಅಕ್ಷರ, ಸುಕ್ಕು ಬರುತ್ತೆ. ಇಂಗ್ಲಿಷ್ ಹಾಕ್ಸಿ, ಇಲ್ಲಾಂದ್ರೆ ಪ್ರಿಂಟ್ ಮಾಡ್ಸಿ.' ರಾಜ್ಯೋತ್ಸವಕ್ಕೆಂದು ಟೀ ಶರ್ಟು ಮಾಡಿಸುವ ಸಂಘದವರೂ ಕಾಲೇಜಿನವರೂ ಇದನ್ನು ತಲೆದೂಗಿ ಒಪ್ಪಿಕೊಳ್ಳುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಸುಕ್ಕು ಬರುವುದು ನಿಜ. ಅದರ ಹೊಣೆಯನ್ನು ಲಿಪಿಯ ತಲೆಗೆ ಕಟ್ಟುವುದು ಅನ್ಯಾಯ.

ಮೊದಲು ಬಟ್ಟೆಯ ಮಾತು. ಟೀ ಶರ್ಟಿನ ಬಟ್ಟೆ ಹಾಸುಹೊಕ್ಕಿನ ನೇಯ್ಗೆಯಲ್ಲ, ಕುಣಿಕೆಗೆ ಕುಣಿಕೆ ಸಿಕ್ಕಿಸಿದ ಹೆಣಿಗೆ. ಉದ್ದಕ್ಕಿಂತ ಅಗಲಕ್ಕೆ ಹೆಚ್ಚು ಹಿಗ್ಗುತ್ತದೆ. ಇದನ್ನು ಫ್ರೇಮಿನಲ್ಲಿ ತಮಟೆಯಂತೆ ಬಿಗಿಯಬೇಕೆಂಬುದು ಕಸುಬಿನಲ್ಲಿ ಬೇರೂರಿದ ನಂಬಿಕೆ. ಬಿಗಿದಾಗ ಕುಣಿಕೆಗಳು ಬಾಯಿ ತೆರೆಯುತ್ತವೆ, ಹೊಲಿಗೆ ಆ ಅಗಲಕ್ಕೇ ಕೂರುತ್ತದೆ. ಫ್ರೇಮು ಬಿಚ್ಚಿದೊಡನೆ ಬಟ್ಟೆ ತನ್ನ ಅಳತೆಗೆ ಮರಳುತ್ತದೆ, ದಾರ ಮರಳುವುದಿಲ್ಲ. ಅಕ್ಷರದ ಸುತ್ತ ನೆರಿಗೆ ಏಳುತ್ತದೆ. ಇಂಗ್ಲಿಷ್ ಅಕ್ಷರಕ್ಕೂ ಇದೇ ಗತಿ. ಬಟ್ಟೆಯ ಹಿಂದೆ ಆಸರೆಗೆಂದು ಇಡುವ ಪೇಪರನ್ನಷ್ಟೇ ಫ್ರೇಮಿಗೆ ಬಿಗಿದು, ಅದಕ್ಕೆ ಅಂಟು ಸಿಂಪಡಿಸಿ, ಶರ್ಟನ್ನು ಎಳೆಯದೆ ಮೇಲೆ ಹಾಸಿದರೆ ಅರ್ಧ ತೊಂದರೆ ಕಳೆಯಿತು. ಆ ಪೇಪರೂ ಹರಿದು ತೆಗೆಯುವಂಥದ್ದಾಗಬಾರದು. ಹರಿದ ಮೇಲೆ ಅಕ್ಷರಕ್ಕೆ ಆಸರೆಯೇ ಇರುವುದಿಲ್ಲ, ಮೊದಲ ಒಗೆತಕ್ಕೇ ಅದು ಸೊಟ್ಟಗಾಗುತ್ತದೆ. ಕತ್ತರಿಸಿ ಅಂಚು ಉಳಿಸುವ ಗಟ್ಟಿ ಪೇಪರು ಶರ್ಟು ಇರುವಷ್ಟು ದಿನ ಹಿಂದೆ ನಿಲ್ಲುತ್ತದೆ. ಸೂಜಿ ತುದಿ ದುಂಡಗಿರುವ ಬಾಲ್‌ಪಾಯಿಂಟ್ ಆಗಿರಬೇಕು. ಚೂಪು ಸೂಜಿ ಕುಣಿಕೆಯನ್ನು ಕಡಿದರೆ ತೂತು ಬೆಳೆಯುತ್ತಾ ಹೋಗುತ್ತದೆ.

ಹಿಗ್ಗುವ ಬಟ್ಟೆಗೆ ಎಂಬ್ರಾಯ್ಡರಿ ಒಗ್ಗದು ಎನ್ನುವವರು 1933ರಲ್ಲಿ ಫ್ರಾನ್ಸಿನಲ್ಲಿ ಟೆನಿಸ್ ಆಟಗಾರ ರೆನೆ ಲಕೋಸ್ಟ್ ಮಾರುಕಟ್ಟೆಗೆ ತಂದ ಅಂಗಿಯನ್ನು ನೆನೆಯಲಿ. ಅದು ಪೀಕೆ ಎಂಬ ಬಗೆಯ ಹೆಣಿಗೆಯದು, ಅದರ ಎದೆಯ ಮೇಲೆ ಬಾಯಿ ತೆರೆದ ಮೊಸಳೆಯನ್ನೇ ಹೊಲಿದಿದ್ದರು.

ಇನ್ನು ಲಿಪಿ. ಕನ್ನಡದ ದುಂಡು ಕಷ್ಟ ಕೊಡುತ್ತದೆ ಎಂಬ ಮಾತಿನಲ್ಲಿ ಸತ್ಯಾಂಶವಿದೆ, ಅದನ್ನು ಬಿಡಿಸಿ ನೋಡಬೇಕು. ಗೆರೆಯ ಒಂದು ಅಂಚಿನಿಂದ ಇನ್ನೊಂದಕ್ಕೆ ಎಳೆಗಳನ್ನು ಒತ್ತಾಗಿ ಹಾಸುವ ಸಾಟಿನ್ ಹೊಲಿಗೆ ತಿರುವಿನಲ್ಲಿ ಹೊರಳುವಾಗ ಹೊರ ಅಂಚಿನ ಎಳೆಗಳು ಹರಡುತ್ತವೆ, ಒಳ ಅಂಚಿನವು ಒತ್ತೊತ್ತಾಗುತ್ತವೆ. ಸೊನ್ನೆಯಂಥ ಪುಟ್ಟ ಬಳೆಯಲ್ಲಿ ಸೂಜಿ ಹೆಚ್ಚುಕಡಿಮೆ ಒಂದೇ ಜಾಗವನ್ನು ಮತ್ತೆ ಮತ್ತೆ ಚುಚ್ಚುತ್ತದೆ. ನೇಯ್ದ ಬಟ್ಟೆ ತಾಳಿಕೊಳ್ಳುತ್ತದೆ, ಹೆಣಿಗೆ ಹರಿಯುತ್ತದೆ. ಇದಕ್ಕೆ ಮದ್ದು ಗೊತ್ತಿರುವುದೇ: ಒಳ ಅಂಚಿನಲ್ಲಿ ಒಂದು ಬಿಟ್ಟು ಒಂದು ಹೊಲಿಗೆಯನ್ನು ಮೋಟಾಗಿಸುವುದು, ಎಳೆಗಳ ನಡುವೆ ಸಾಮಾನ್ಯವಾದ 0.4 ಮಿ.ಮೀ. ಅಂತರವನ್ನು ತುಸು ಸಡಿಲಿಸುವುದು, ಮೇಲಿನ ಹೊಲಿಗೆಗೆ ಮೊದಲು ತೆಳ್ಳನೆಯ ತಳಹೊಲಿಗೆ ಹಾಕುವುದು. ಅಂಗಡಿಗಳಲ್ಲಿ ಆಗುವುದು ಇದರ ತದ್ವಿರುದ್ಧ. ಅಕ್ಷರ ಮಸುಕಾಗಿ ಕಂಡರೆ ಹೊಲಿಗೆ ಇನ್ನಷ್ಟು ದಟ್ಟ ಮಾಡುತ್ತಾರೆ, ಬಟ್ಟೆ ಇನ್ನಷ್ಟು ಮುದುಡುತ್ತದೆ.

ನನ್ನ ಮುಖ್ಯ ತಕರಾರು ಪಂಚಿಂಗಿನ ಬಗ್ಗೆ, ಅಂದರೆ ಅಕ್ಷರದ ಚಿತ್ರವನ್ನು ಯಂತ್ರ ಹೊಲಿಯುವ ಹೊಲಿಗೆಗಳಾಗಿ ಬದಲಿಸುವ ಕೆಲಸದ ಬಗ್ಗೆ. ಪುಸ್ತಕಕ್ಕೆಂದು ಬರೆದ ಫಾಂಟನ್ನು ಸಾಫ್ಟ್‌ವೇರಿಗೆ ಕೊಟ್ಟು, ಗುಂಡಿ ಒತ್ತಿ, ಬಂದದ್ದನ್ನು ಹೊಲಿಯುತ್ತಾರೆ. ಕಾಗದದ ಮೇಲೆ ಕೂದಲೆಳೆಯ ಗೆರೆಯೂ ಓದಲು ಬರುತ್ತದೆ. ಹೆಣಿಗೆಯಲ್ಲಿ ಒಂದು ಮಿ.ಮೀ.ಗಿಂತ ತೆಳುವಾದ ಸಾಟಿನ್ ಗೆರೆ ಕುಣಿಕೆಗಳ ನಡುವೆ ಹೂತುಹೋಗುತ್ತದೆ. ಮಹಾಪ್ರಾಣಕ್ಕೆ ಹೊಟ್ಟೆ ಸೀಳಬೇಕೆಂದು ಶಾಲೆಯಲ್ಲಿ ಹೇಳಿಕೊಡುತ್ತಾರಲ್ಲ, ಆ ಸೀಳು ಮೊದಲು ಮಾಯವಾಗುವುದು. ಧಾರವಾಡ ಎಂದು ಕೊಟ್ಟರೆ ದಾರವಾಡ ಎದೆಯ ಮೇಲೆ ಕೂರುತ್ತದೆ; ಭಾರತ ಬಾರತವಾಗುತ್ತದೆ. ಕನ್ನಡದ ಹೆಮ್ಮೆಗೆಂದು ತೊಟ್ಟ ಅಂಗಿಯಲ್ಲಿ ಇದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಸೀಳನ್ನು ದಪ್ಪವಾಗಿಸಿ ಕೆಳಕ್ಕೆ ಚಾಚಿದರೆ, ಸೊನ್ನೆಯ ಹೊಟ್ಟೆಯನ್ನು ಹಿಗ್ಗಿಸಿದರೆ, ತಲೆಕಟ್ಟಿಗೂ ಕೆಳಗಿನ ಬಳುಕಿಗೂ ನಡುವೆ ಗಾಳಿಯಾಡುವಷ್ಟು ಜಾಗ ಬಿಟ್ಟರೆ ಇದೇ ಬಟ್ಟೆ ಇದೇ ಅಕ್ಷರವನ್ನು ಹಿಡಿದಿಡುತ್ತದೆ. ಒತ್ತಕ್ಷರದ್ದೂ ಅಷ್ಟೇ. ಸಾಲಿನ ಅಕ್ಷರಗಳನ್ನೆಲ್ಲ ಮುಗಿಸಿ ಕೊನೆಗೆ ಒತ್ತುಗಳಿಗೆ ಬಂದರೆ ಅಷ್ಟರಲ್ಲಿ ಬಟ್ಟೆ ಕದಲಿರುತ್ತದೆ, ಒತ್ತು ಪಕ್ಕದ ಅಕ್ಷರದ ಕಾಲಿಗೆ ತಗಲಿಕೊಳ್ಳುತ್ತದೆ. ಪ್ರತಿ ಅಕ್ಷರವನ್ನೂ ಅದರ ಒತ್ತಿನ ಜೊತೆಗೇ ಹೊಲಿದು ಮುಂದೆ ಸಾಗಬೇಕು.

ಪ್ರಿಂಟೇ ಸರಿಯಾದ ಸಂದರ್ಭಗಳಿವೆ. ಮೈಗಂಟುವ ತೆಳು ಲೈಕ್ರಾದ ಮೇಲೆ ಉದ್ದನೆಯ ಸಾಲು ಬೇಕೆಂದರೆ ನಾನೂ ಪ್ರಿಂಟ್ ಎನ್ನುತ್ತೇನೆ. ಕಾಳಿನಷ್ಟು ಚಿಕ್ಕ ಅಕ್ಷರದಲ್ಲಿ 'ಲಕ್ಷ್ಮಿ' ಎಂದು ಹೊಲಿಯಲು ಯಾವ ಪಂಚಿಂಗಿನಿಂದಲೂ ಆಗದು, ಅಲ್ಲಿ ಅಕ್ಷರ ದೊಡ್ಡದಾಗಲೇಬೇಕು. ಅಂಗಡಿಯವರ ಕಷ್ಟವೂ ನಿಜವೇ: ಒಂದೊಂದು ಅಕ್ಷರವನ್ನೂ ದಾರಕ್ಕೆ ತಕ್ಕಂತೆ ತಿದ್ದಲು ಹೊತ್ತು ಹಿಡಿಯುತ್ತದೆ, ಹತ್ತು ಶರ್ಟಿನ ಆರ್ಡರಿಗೆ ಆ ಕೂಲಿ ಹುಟ್ಟುವುದಿಲ್ಲ. ಆದ್ದರಿಂದಲೇ ಈ ಕೆಲಸವನ್ನು ಒಂಟಿ ಅಂಗಡಿಗೆ ಬಿಡಬಾರದು. ಅಕ್ಷರವಿನ್ಯಾಸ ಬಲ್ಲವರೂ ಪಂಚಿಂಗ್ ಬಲ್ಲವರೂ ಒಟ್ಟಿಗೆ ಕೂತು, ಕಾಗುಣಿತ ಒತ್ತಕ್ಷರಗಳ ಸಮೇತ ಹೆಣಿಗೆ ಬಟ್ಟೆಗೆಂದೇ ಒಂದು ಕನ್ನಡ ಅಕ್ಷರಮಾಲೆ ಮಾಡಿ ಎಲ್ಲರಿಗೂ ಬಿಟ್ಟುಕೊಡಬೇಕು. ಅದು ಬರುವ ತನಕ ಮಾಡಿಸುವವರು ಅದೇ ಬಟ್ಟೆಯ ತುಂಡಿನ ಮೇಲೆ ಒಂದು ಮಾದರಿ ಹೊಲಿಸಿಕೊಂಡು, ಒಗೆದು ಒಣಗಿಸಿ, ಧ ಧವಾಗಿಯೇ ಉಳಿದಿದೆಯೇ ಎಂದು ನೋಡಿ ಆಮೇಲೆ ಮುಂಗಡ ಕೊಡಲಿ.