ಕನ್ನಡದ ಉನ್ನತ ಶಿಕ್ಷಣ: ಒಂದು ವಿಮರ್ಶೆ

ಶಿಕ್ಷಣಕ್ರಮವು ಕಾಲಕ್ಕೆ ಅನುಗುಣವಾಗಿರಬೇಕೆಂಬುದು ಸರ್ವಸಮ್ಮತವಾದ ಮಾತು. ಯಾವುದು ಮಾರ್ಪಡಬೇಕು, ಯಾವುದು ಉಳಿಯಬೇಕು ಎಂಬಲ್ಲಿ ಮಾತ್ರ ವಿಪ್ರತಿಪತ್ತಿ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1927ರಲ್ಲಿ ಆರಂಭವಾದ ಕನ್ನಡ ಎಂ.ಎ. ಶಿಕ್ಷಣಕ್ಕೆ ಈಗ ಹೆಚ್ಚುಕಡಮೆ ನೂರು ವರ್ಷಗಳ ಪ್ರಾಯ. ಆದಕಾರಣ ಈ ವಿಚಾರವು ಪ್ರಾಪ್ತಕಾಲವಾಗಿದೆ.

ಇತ್ತೀಚಿನ ಮಾರ್ಪಾಡುಗಳು ಬಹುಮಟ್ಟಿಗೆ ಕಾಲಾವಧಿಯನ್ನೂ ಅರ್ಹತೆಯನ್ನೂ ಕುರಿತವು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2022ರ ನಿಯಮಗಳಿಂದ ಎಂ.ಫಿಲ್. ಪದವಿಯು ನಿಂತಿತು, ಪಿಎಚ್.ಡಿ. ಪ್ರಬಂಧವನ್ನು ಒಪ್ಪಿಸುವ ಮೊದಲು ಪತ್ರಿಕೆಯಲ್ಲಿ ಲೇಖನವನ್ನು ಪ್ರಕಟಿಸಲೇಬೇಕೆಂಬ ನಿರ್ಬಂಧವೂ ತೊಲಗಿತು. ಕರ್ನಾಟಕದಲ್ಲಿ 2021ರಲ್ಲಿ ಬಂದ ನಾಲ್ಕು ವರ್ಷಗಳ ಪದವಿ ವ್ಯವಸ್ಥೆಯು 2024ರಲ್ಲಿ ಮತ್ತೆ ಮೂರು ವರ್ಷಗಳದಾಯಿತು. ಬಲವಂತದ ಪ್ರಕಟಣೆಯನ್ನು ಕೈಬಿಟ್ಟುದು ಯುಕ್ತವೇ ಸರಿ. ಬಲಾತ್ಕಾರದಿಂದ ಹುಟ್ಟಿದ ಲೇಖನಕ್ಕೆ ಓದುಗನಿರುವುದಿಲ್ಲ. ಆದರೆ ವರ್ಷಗಳನ್ನು ಕೂಡಿ ಕಳೆದ ಮಾತ್ರಕ್ಕೆ ವಿದ್ಯೆಯ ಸ್ವರೂಪವು ನಿರ್ಣಯವಾಗದು.

ಇಲ್ಲಿ ಎರಡು ಪಕ್ಷಗಳುಂಟು. ಹಳಗನ್ನಡ, ಛಂದಸ್ಸು, ಗ್ರಂಥಸಂಪಾದನೆಗಳಿಂದ ಉದ್ಯೋಗವು ದೊರೆಯದು. ಆದುದರಿಂದ ಅವುಗಳನ್ನು ಸಂಕ್ಷೇಪಿಸಿ ಗಣಕಯಂತ್ರವನ್ನೂ ಮಾಧ್ಯಮಗಳನ್ನೂ ಕಲಿಸಬೇಕೆಂಬುದು ಮೊದಲನೆಯದು. ಶಾಸ್ತ್ರವು ಇದ್ದಂತೆಯೇ ಇರಲಿ, ಯಂತ್ರದ ಗೊಡವೆ ಪಂಡಿತನಿಗೇಕೆ ಎಂಬುದು ಎರಡನೆಯದು. ಪರಸ್ಪರ ವಿರುದ್ಧವಾಗಿ ತೋರಿದರೂ ಇವೆರಡಕ್ಕೂ ಮೂಲವಾದ ಭ್ರಾಂತಿ ಒಂದೇ: ಹಳೆಯ ವಿದ್ಯೆಗೂ ಹೊಸ ಉಪಕರಣಕ್ಕೂ ಸಂಬಂಧವಿಲ್ಲವೆಂಬುದು.

ಇದಕ್ಕೆ ಒಂದು ದೃಷ್ಟಾಂತ ಸಾಕು. ಹಳಗನ್ನಡದಲ್ಲಿ ‘ಬಾಳ್’ ಎಂದರೆ ಕತ್ತಿ, ‘ಬಾೞ್’ ಎಂದರೆ ಜೀವಿಸು. ಕೇಶಿರಾಜನು ೞಕಾರದ ಪ್ರಯೋಗವನ್ನು ಬೇರೆಯಾಗಿಯೇ ನಿರೂಪಿಸಿದ್ದಾನೆ. ಜಗತ್ತಿನ ಲಿಪಿಗಳೆಲ್ಲಕ್ಕೂ ಗಣಕಯಂತ್ರದಲ್ಲಿ ಸ್ಥಾನ ಕಲ್ಪಿಸುವ ಯೂನಿಕೋಡ್ ಪಟ್ಟಿಯಲ್ಲಿ ಈ ಅಕ್ಷರಕ್ಕೆ ಸ್ಥಾನವೇನೋ ದೊರೆಯಿತು. ಆದರೆ ಅದರ ಹೆಸರು ಪ್ರಮಾದದಿಂದ ‘ಫ’ ಎಂದು ದಾಖಲಾಯಿತು! ಒಮ್ಮೆ ಕೊಟ್ಟ ಹೆಸರನ್ನು ಬದಲಾಯಿಸಕೂಡದೆಂಬುದು ಆ ಪಟ್ಟಿಯ ನಿಯಮವಾದುದರಿಂದ ತಪ್ಪು ಹಾಗೆಯೇ ಉಳಿದು, ಸರಿಯಾದ ಹೆಸರು ಪರ್ಯಾಯನಾಮವಾಗಿ ಮಾತ್ರ ಸೇರಿದೆ. ಶಬ್ದಮಣಿದರ್ಪಣವನ್ನು ಓದಿದ ಒಬ್ಬ ವಿದ್ಯಾರ್ಥಿಯು ಹೆಸರಿಡುವ ಹೊತ್ತಿನಲ್ಲಿ ಅಲ್ಲಿದ್ದಿದ್ದರೆ ಈ ಪ್ರಮಾದಕ್ಕೆ ಅವಕಾಶವಿರುತ್ತಿರಲಿಲ್ಲ. ಯಂತ್ರವನ್ನು ಬಲ್ಲವನು ಅಕ್ಷರವನ್ನು ಅರಿಯದೆ, ಅಕ್ಷರವನ್ನು ಬಲ್ಲವನು ಯಂತ್ರದ ಬಳಿ ಸುಳಿಯದೆ ಹೋದುದರ ಫಲವಿದು.

ಓಲೆಗರಿಗಳ ವಿಷಯವೂ ಇಂತಹುದೇ. ಅವುಗಳ ಛಾಯಾಚಿತ್ರಗಳನ್ನು ಯಂತ್ರವು ರಕ್ಷಿಸಬಲ್ಲುದು. ಆದರೆ ಎಕಾರ ಏಕಾರಗಳ ಭೇದವನ್ನು ತೋರದ, ವಕಾರ ಮಕಾರಗಳು ಒಂದನ್ನೊಂದು ಹೋಲುವ ಲಿಪಿಯಲ್ಲಿ ಶುದ್ಧಪಾಠವಾವುದೆಂಬುದನ್ನು ಅರ್ಥ, ವ್ಯಾಕರಣ, ಪ್ರಾಸಗಳ ಬಲದಿಂದ ನಿಶ್ಚಯಿಸಬೇಕಾದವನು ಮನುಷ್ಯನೇ. ಯಂತ್ರಕ್ಕೆ ಓದನ್ನು ಕಲಿಸುವುದಕ್ಕೂ ಮೊದಲು ಓದಬಲ್ಲವನೊಬ್ಬನು ಬೇಕಷ್ಟೆ. ಅಂತಹವರ ಪರಂಪರೆಯು ಕಡಿದುಹೋದರೆ ಗರಿಗಳು ಉಳಿದೂ ಗ್ರಂಥಗಳು ನಷ್ಟವಾಗುವುವು.

ಗ್ರಂಥಸಂಪಾದನೆಯನ್ನು ಪ್ರಶ್ನೋತ್ತರಗಳ ಮೂಲಕವೇ ಕಲಿತು, ಒಂದು ಗರಿಯನ್ನೂ ಕೈಯಲ್ಲಿ ಹಿಡಿಯದೆ ತೇರ್ಗಡೆ ಹೊಂದುವುದು ಸಾಧ್ಯವಾಗಿರುವವರೆಗೆ ಪಠ್ಯಕ್ರಮದ ಪರಿಷ್ಕರಣವು ನಾಮಮಾತ್ರವಾದುದು. ಪ್ರತಿಯೊಬ್ಬ ಸ್ನಾತಕೋತ್ತರ ವಿದ್ಯಾರ್ಥಿಯೂ ಒಂದು ಶಾಸನವನ್ನಾಗಲಿ ಹಸ್ತಪ್ರತಿಯ ಕೆಲವು ಗರಿಗಳನ್ನಾಗಲಿ ಸ್ವತಃ ಓದಿ, ಪಾಠಾಂತರಗಳನ್ನು ಗುರುತಿಸಿ, ಯಂತ್ರವು ಗ್ರಹಿಸುವಂತೆ ಅಕ್ಷರಕ್ಕಿಳಿಸಿ, ತಾನು ಸ್ವೀಕರಿಸಿದ ಪಾಠಗಳನ್ನು ಪರೀಕ್ಷಕರ ಮುಂದೆ ಬಾಯಿಯಿಂದ ಸಮರ್ಥಿಸುವಂತಾಗಬೇಕು. ಪಾಠಶಾಲೆಗಳ ವಾಕ್ಯಾರ್ಥಗೋಷ್ಠಿಯೇ ಇದಕ್ಕೆ ಮಾದರಿ. ಅಲ್ಲಿ ಕಂಠಪಾಠಕ್ಕಿಂತ ಸಮಾಧಾನ ಹೇಳುವ ಶಕ್ತಿಗೇ ಬೆಲೆ. ಹೀಗೆ ನುರಿತವನು ಅಧ್ಯಾಪಕನಾದರೂ, ನಿಘಂಟುಕಾರ್ಯಕ್ಕೆ ಸೇರಿದರೂ, ಭಾಷಾತಂತ್ರಜ್ಞಾನವನ್ನು ಹಿಡಿದರೂ ಅವನ ವಿದ್ಯೆಯು ವ್ಯರ್ಥವಾಗದು. ಕಾಲವು ಬೇಡುತ್ತಿರುವುದು ಶಾಸ್ತ್ರದ ಸಂಕ್ಷೇಪವನ್ನಲ್ಲ, ಅದರ ವಿನಿಯೋಗವನ್ನು.